ಗೆರೆ ಬಿಡಬಹುದು, ಅಕ್ಷರ ಬಿಡಬಾರದು

ಪ್ರಶ್ನೆ: ಮಗಳು ಮ್ಯಾಡ್ರಿಡ್‌ನಲ್ಲಿದ್ದಾಳೆ. ಮೊಮ್ಮಗನ ಜೊತೆ ಮಾತನಾಡಲೆಂದು ಈ ವಯಸ್ಸಿನಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ಅಕ್ಷರಗಳ ಮೇಲಿನ ಗೆರೆಗಳನ್ನು ಮೊಬೈಲಿನಲ್ಲಿ ಹಾಕಲು ಕಷ್ಟವಾಗುತ್ತದೆ. ಗೆರೆಯಿಲ್ಲದೆ ಹುಡುಕಿದರೆ ಒಂದು ಕಡೆ ಪದ ಸಿಗುತ್ತದೆ, ಇನ್ನೊಂದು ಕಡೆ ಸಿಗುವುದಿಲ್ಲ, ಮತ್ತೊಂದು ಕಡೆ ಬೇಡದ್ದೆಲ್ಲ ಬರುತ್ತದೆ. ಯಾವುದು ಸರಿ? – ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಮೊಮ್ಮಗ ಅದೃಷ್ಟವಂತ. ಸ್ಪ್ಯಾನಿಷ್ ಪದಗಳನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಒತ್ತಿ ಹೇಳುವ ಸ್ವರವನ್ನು ದೀರ್ಘವಾಗಿ ತೋರಿಸುತ್ತೇನೆ.

ತೇರ್ಮಿನೊ ಎಂದರೆ ಅವಧಿ ಅಥವಾ ಪದ. ತೆರ್ಮೀನೊ ಎಂದರೆ ‘ಮುಗಿಸುತ್ತೇನೆ’. ತೆರ್ಮಿನೋ ಎಂದರೆ ‘ಅವನು ಮುಗಿಸಿದ’. ಮೂರರಲ್ಲೂ ಇರುವುದು ಅದೇ ಏಳು ಅಕ್ಷರಗಳು. ಮೊದಲನೆಯದರಲ್ಲಿ ಗೆರೆ ಆರಂಭದ ಸ್ವರದ ಮೇಲೆ, ಮೂರನೆಯದರಲ್ಲಿ ಕೊನೆಯ ಸ್ವರದ ಮೇಲೆ, ನಡುವಿನದಕ್ಕೆ ಗೆರೆಯೇ ಇಲ್ಲ. ಪಾಪ ಎಂದರೆ ಪೋಪ್; ಲ್ಯಾಟಿನ್ ಅಮೆರಿಕದಲ್ಲಿ ಆಲೂಗಡ್ಡೆಯೂ ಹೌದು. ಪಪಾ ಎಂದರೆ ಅಪ್ಪ. ಆದ್ದರಿಂದ ಗೆರೆ ಅಲಂಕಾರವಲ್ಲ. ಆದರೂ ಅವಸರದಲ್ಲಿ ಸ್ಪೇನಿನವರೂ ಅದನ್ನು ಬಿಟ್ಟೇ ಟೈಪ್ ಮಾಡುತ್ತಾರೆ. ಇದನ್ನು ಬಲ್ಲ ತಂತ್ರಾಂಶ ತನ್ನ ಸೂಚಿಯಲ್ಲಿ ಪ್ರತಿ ಪದಕ್ಕೂ ಎರಡು ನಮೂದು ಇಟ್ಟುಕೊಳ್ಳುತ್ತದೆ: ಒಂದು ಇದ್ದಂತೆಯೇ, ಇನ್ನೊಂದು ಗೆರೆ ತೆಗೆದು. ನೀವು ಗೆರೆಯಿಲ್ಲದೆ ಹುಡುಕಿದರೆ ಎರಡನ್ನೂ ಕೊಡುತ್ತದೆ, ಅಕ್ಷರಶಃ ಹೊಂದುವುದನ್ನು ಮೇಲೆ ಇಡುತ್ತದೆ. ನಿಮಗೆ ಪದವೇ ಸಿಗದ ಕಡೆ ಈ ಎರಡನೆಯ ನಮೂದು ಇರಲಿಲ್ಲ.

ಇನ್ನು ‘ಬೇಡದ್ದೆಲ್ಲ’ ಬಂದ ಸಂಗತಿ. ಇದರ ಬಗ್ಗೆ ನನಗೆ ಬಲವಾದ ಅಭಿಪ್ರಾಯವಿದೆ. ಹನ್ನೊಂದು ವರ್ಷ ವ್ಯಾಲೆನ್ಸಿಯಾ ಪ್ರಾಂತ್ಯದಲ್ಲಿ ಗ್ರಂಥಾಲಯಗಳ ಕ್ಯಾಟಲಾಗ್ ಹುಡುಕಾಟದ ಕೆಲಸ ಮಾಡಿದೆ. ಮೊದಲ ವರ್ಷ ನಾವು ಎಲ್ಲ ಚಿಹ್ನೆಗಳನ್ನೂ ಒಂದೇ ಏಟಿಗೆ ಅಳಿಸುವ ನಿಯಮ ಹಾಕಿದ್ದೆವು. ಒಂದು ಮಧ್ಯಾಹ್ನ ನಿವೃತ್ತ ಶಿಕ್ಷಕಿಯೊಬ್ಬರು ಬಂದು ಪೇನ್ಯಸ್ ಎಂದು ಹುಡುಕಿದರು. ಊರಹಬ್ಬಗಳಲ್ಲಿ ಒಟ್ಟುಗೂಡುವ ಗೆಳೆಯರ ಬಳಗಕ್ಕೆ ಪೇನ್ಯ ಎನ್ನುತ್ತಾರೆ. ಅವರಿಗೆ ಬೇಕಾಗಿದ್ದದ್ದು ಅದರ ಇತಿಹಾಸ. ಪರದೆ ತುಂಬ ಬಂದದ್ದು ದಂಡಸಂಹಿತೆಯ ಪುಸ್ತಕಗಳು! ಪೇನಸ್ ಎಂದರೆ ಶಿಕ್ಷೆಗಳು, ದುಃಖಗಳು. ಆಕೆ ಪರದೆಯನ್ನು ಬೆರಳಿನಿಂದ ತಟ್ಟಿ, "ನಾನು ಅಕ್ಷರ ಸರಿಯಾಗಿಯೇ ಒತ್ತಿದ್ದೇನೆ" ಎಂದರು. ಆ ಮಾತು ಇಂದಿಗೂ ಕಿವಿಯಲ್ಲಿದೆ. ಸರಿಯಾಗಿ ಬರೆದವರಿಗೆ ತಪ್ಪು ಉತ್ತರ ಕೊಡುವುದು ಅನ್ಯಾಯ.

ಏಕೆಂದರೆ ಸ್ಪ್ಯಾನಿಷ್ ಬರಹದಲ್ಲಿ ‘ನ’ದ ಮೇಲೆ ಅಲೆಗೆರೆ ಎಳೆದು ಬರೆಯುವ ‘ನ್ಯ’ ಬರೀ ಗುರುತು ಹೊತ್ತ ‘ನ’ ಅಲ್ಲ, ಬೇರೆಯೇ ಅಕ್ಷರ. ಹಿಂದೆ ಲಿಪಿಕಾರರು ಎರಡು ‘ನ’ ಬರೆಯುವ ಬದಲು ಒಂದರ ಮೇಲೆ ಇನ್ನೊಂದನ್ನು ಪುಟ್ಟದಾಗಿ ಬರೆದದ್ದರಿಂದ ಹುಟ್ಟಿದ್ದು ಹೌದು. ಆದರೆ ಇಂದು ಅದು ಸ್ಪ್ಯಾನಿಷ್ ವರ್ಣಮಾಲೆಯ 27 ಅಕ್ಷರಗಳಲ್ಲಿ ಒಂದು, ಕೀಲಿಮಣೆಯಲ್ಲಿ ಅದಕ್ಕೆ ಸ್ವಂತ ಗುಂಡಿಯಿದೆ. ಆ ಗುಂಡಿಯಿಲ್ಲದ ಕೀಲಿಮಣೆಗಳ ಮಾರಾಟಕ್ಕೆ ದಾರಿಯಾಗಬಾರದೆಂದು ಸ್ಪೇನ್ ಯುರೋಪಿನ ಮಾರುಕಟ್ಟೆ ನಿಯಮಗಳ ಎದುರು ಪಟ್ಟು ಹಿಡಿದು, 1993ರಲ್ಲಿ ಕಾನೂನಿನ ರಕ್ಷಣೆಯನ್ನೇ ಕೊಟ್ಟಿತು. ಆನ್ಯೊ ಎಂದರೆ ವರ್ಷ, ಆನೊ ಎಂದರೆ ಗುದದ್ವಾರ. ಹೊಸ ವರ್ಷದ ಶುಭಾಶಯ ಕಳುಹಿಸುವಾಗ ದಯವಿಟ್ಟು ನೆನಪಿಡಿ.

ಸರಿಯಾದ ನಡವಳಿಕೆ ಹೀಗಿರಬೇಕು: ಓದುಗ ‘ನ್ಯ’ ಒತ್ತಿದರೆ ‘ನ್ಯ’ ಇರುವುದನ್ನು ಮಾತ್ರ ಕೊಡಬೇಕು. ‘ನ’ ಒತ್ತಿದರೆ, ಪಾಪ ಅವರ ಬಳಿ ಆ ಗುಂಡಿ ಇಲ್ಲದಿರಬಹುದು, ಎರಡನ್ನೂ ಕೊಡಬೇಕು. ಇದಕ್ಕೆ ದೊಡ್ಡ ಸಾಹಸ ಬೇಕಿಲ್ಲ. ಮೈಎಸ್‌ಕ್ಯೂಎಲ್‌ನಂಥ ದತ್ತಸಂಚಯದಲ್ಲಿ ಸಾಮಾನ್ಯ ಹೋಲಿಕೆ ನಿಯಮದ ಪ್ರಕಾರ ‘ನ’ ಮತ್ತು ‘ನ್ಯ’ ಒಂದೇ. ಸ್ಪ್ಯಾನಿಷ್ ನಿಯಮ ಆರಿಸಿಕೊಂಡರೆ ಸ್ವರಗಳ ಮೇಲಿನ ಗೆರೆಯನ್ನು ಅದು ಲೆಕ್ಕಿಸುವುದಿಲ್ಲ, ‘ನ್ಯ’ವನ್ನು ಮಾತ್ರ ಬೇರೆಯಾಗಿಡುತ್ತದೆ.

ಕಣ್ಣಿಗೆ ಕಾಣದ ತೊಡಕೂ ಒಂದಿದೆ. ಯೂನಿಕೋಡ್ ಎಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ಸಂಕೇತ ಕೊಡುವ ಪದ್ಧತಿ. ಯೂನಿಕೋಡ್‌ನಲ್ಲಿ ‘ನ್ಯ’ವನ್ನು ಒಂದೇ ಸಂಕೇತವಾಗಿ ಬರೆಯಬಹುದು, ‘ನ’ ಮತ್ತು ಅಲೆಗೆರೆ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ನಮ್ಮ ‘ಕೋ’ದ ದೀರ್ಘಕ್ಕೂ ಇದೇ ಪಾಡು: ಇಡಿಯಾಗಿ ಒಂದು ಸಂಕೇತ, ಬಿಡಿಸಿದರೆ ಮೂರು. ಹುಡುಕುವ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತರದಿದ್ದರೆ ಕಣ್ಣೆದುರಿನ ಪದವೂ ಸಿಗುವುದಿಲ್ಲ.

ಪ್ರಶ್ನೆ: ಕಾಲೇಜಿನಲ್ಲಿ ಸ್ಪ್ಯಾನಿಷ್ ಓದುತ್ತಿದ್ದೇನೆ. ‘ಹಾಡು’ ಎಂದು ಹುಡುಕಿದರೆ ‘ಹಾಡುಗಳು’ ಕೂಡ ಬರುವುದು ಹೇಗೆ? ಕೆಲವೊಮ್ಮೆ ‘ಬಂದರು’ ಕೇಳಿದರೆ ‘ಬಾಗಿಲು’ ಬರುವುದೇಕೆ? – ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಹುಡುಕುವ ತಂತ್ರಾಂಶ ಪದದ ಕೊನೆಯ ಪ್ರತ್ಯಯ ಕಳಚಿ, ಉಳಿದ ಬುಡವನ್ನು ಹೋಲಿಸುತ್ತದೆ. ಮೊದಲು ಹಾಡನ್ನೇ ನೋಡಿ. ಕನ್ಸ್ಯೋನ್ ಏಕವಚನ, ಕನ್ಸ್ಯೋನೆಸ್ ಬಹುವಚನ. ಉಚ್ಚಾರದಲ್ಲಿ ಒತ್ತು ಅಲ್ಲೇ ಇದೆ, ಆದರೆ ಬಹುವಚನದ ಬರಹದಲ್ಲಿ ಗೆರೆ ಮಾಯ. ಹೋಬೆನ್ (ಯುವಕ), ಹೋಬೆನೆಸ್ (ಯುವಕರು) ಇದಕ್ಕೆ ತದ್ವಿರುದ್ಧ. ಅಲ್ಲಿ ಬಹುವಚನಕ್ಕೆ ಗೆರೆ ಬರುತ್ತದೆ. ಹಾಗಾಗಿ ಪ್ರತ್ಯಯ ಕಳಚಿದರೆ ಸಾಲದು, ಗೆರೆಯನ್ನೂ ಅಳಿಸಬೇಕು. ಆಗಲೇ ಎರಡೂ ಒಂದೇ ಬುಡಕ್ಕೆ ಬಂದು ನಿಲ್ಲುತ್ತವೆ.

ಇಂಗ್ಲಿಷ್ ಪದಗಳ ಬಾಲ ಕಳಚುವ ನಿಯಮಾವಳಿಯನ್ನು ಮಾರ್ಟಿನ್ ಪೋರ್ಟರ್ 1980ರಲ್ಲಿ ಪ್ರಕಟಿಸಿದರು. ಇಂಥ ನಿಯಮಗಳನ್ನು ಬರೆಯಲೆಂದೇ ಮುಂದೆ ಅವರು ಸ್ನೋಬಾಲ್ ಎಂಬ ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಕಟ್ಟಿದರು. ಅದರ ಸ್ಪ್ಯಾನಿಷ್ ನಿಯಮಗಳನ್ನು ಓದುವುದೆಂದರೆ ನನಗೆ ವ್ಯಾಕರಣ ಪುಸ್ತಕ ಓದಿದಷ್ಟೇ ಸಂತೋಷ. ಕನ್ತಾಂದೊಲೊ ಎಂದರೆ ‘ಅದನ್ನು ಹಾಡುತ್ತಾ’. ಕೊನೆಯ ‘ಲೊ’ ನಮ್ಮ ‘ಅದನ್ನು’. ಕ್ರಿಯಾಪದಕ್ಕೆ ಅಂಟಿಕೊಂಡಿದೆ, ಅಂಟಿದ್ದಕ್ಕೇ ಪದಕ್ಕೊಂದು ಗೆರೆಯೂ ಬಂದಿದೆ. ನಿಯಮ ಮೊದಲು ಈ ‘ಲೊ’ ಬಿಡಿಸುತ್ತದೆ, ಅದರಿಂದ ಬಂದ ಗೆರೆಯನ್ನು ತೆಗೆಯುತ್ತದೆ, ಆಮೇಲೆ ‘ಆಂದೊ’ ಕಳಚಿ ‘ಕನ್ತ್’ ಎಂಬ ಬುಡ ಉಳಿಸುತ್ತದೆ. ಕೊನೆಯ ಹೆಜ್ಜೆಯಲ್ಲಿ ಸ್ವರಗಳ ಮೇಲೆ ಉಳಿದ ಗೆರೆಗಳನ್ನೆಲ್ಲ ಅಳಿಸುತ್ತದೆ, ‘ನ್ಯ’ವನ್ನು ಮುಟ್ಟುವುದಿಲ್ಲ. ಆ ಎಚ್ಚರ ನನಗೆ ಬಹಳ ಹಿಡಿಸುತ್ತದೆ.

ಕಳಚುವ ಕತ್ತಿಗೆ ಅರ್ಥ ಗೊತ್ತಿಲ್ಲ. ಪ್ವೇರ್ತೊ (ಬಂದರು), ಪ್ವೇರ್ತ (ಬಾಗಿಲು) ಎರಡರ ಕೊನೆಯ ಸ್ವರ ಹೋದರೆ ಬುಡ ಒಂದೇ. ಕಾಸ (ಮನೆ), ಕಾಸೊ (ಪ್ರಕರಣ) ಕೂಡ ಹೀಗೆಯೇ ಬೆರೆಯುತ್ತವೆ. ಇನ್ನೊಂದು ತುದಿಯಲ್ಲಿ, ಒಂದೇ ಕ್ರಿಯಾಪದದ ರೂಪಗಳು ಒಂದಾಗದೆ ಉಳಿಯುತ್ತವೆ. ಈರ್ (ಹೋಗು), ಬೋಯ್ (ಹೋಗುತ್ತೇನೆ), ಫುಯ್ (ಹೋದೆ): ಯಾವ ಬಾಲ ಕತ್ತರಿಸಿದರೂ ಇವು ಸೇರುವುದಿಲ್ಲ. ಅದಕ್ಕೆ ಪದರೂಪಗಳ ನಿಘಂಟೇ ಬೇಕು. ಅದಿದ್ದರೂ ಫುಯ್ ಎಂದರೆ ‘ಹೋದೆ’ ಎಂದೂ ಆಗುತ್ತದೆ, ‘ಆಗಿದ್ದೆ’ ಎಂದೂ ಆಗುತ್ತದೆ. ಸುತ್ತಲಿನ ವಾಕ್ಯ ನೋಡದೆ ನಿರ್ಧರಿಸಲಾಗದು.

ಪ್ರಶ್ನೆ: ಹಳೆಯ ಪುಸ್ತಕದಂಗಡಿಯಲ್ಲಿ 1970ರ ದಶಕದ ಸ್ಪ್ಯಾನಿಷ್ ನಿಘಂಟು ಸಿಕ್ಕಿತು. ‘ಚೊಕೊಲಾತೆ’ ಇರಬೇಕಾದ ಜಾಗದಲ್ಲಿ ಇಲ್ಲ. ಪುಟ ಹರಿದಿದೆಯೇ? – ಓದುಗರು, ಧಾರವಾಡ

ಉತ್ತರ: ಹರಿದಿಲ್ಲ. ‘ಚ’ ಧ್ವನಿಗೆ ಬಳಸುವ ಸಿ–ಎಚ್ ಜೋಡಿ ಆಗ ಬೇರೆಯೇ ಅಕ್ಷರವೆಂದು ಎಣಿಕೆಯಾಗುತ್ತಿತ್ತು, ಜೋಡಿ ಎಲ್ ಕೂಡ. 1994ರಲ್ಲಿ ಸ್ಪ್ಯಾನಿಷ್ ಅಕಾಡೆಮಿಗಳ ಒಕ್ಕೂಟ ಈ ಜೋಡಿಗಳನ್ನು ಬಿಡಿ ಅಕ್ಷರಗಳಂತೆಯೇ ಅಕಾರಾದಿಯಲ್ಲಿ ಜೋಡಿಸಲು ತೀರ್ಮಾನಿಸಿತು. ನಿಮ್ಮ ನಿಘಂಟಿನಲ್ಲಿ ‘ಸಿ’ ವಿಭಾಗವನ್ನು ಪೂರ್ತಿ ದಾಟಿ, ‘ಡಿ’ ಆರಂಭವಾಗುವ ಮೊದಲು ನೋಡಿ.