ಪ್ರಾಣಿಗಳ ಕಲಿಕೆ, ನೆನಪುಗಳಿಗೂ ಮಿದುಳಿನ ಕಿಣ್ವಗಳಿಗೂ ಏನು ಸಂಬಂಧ?

ನೇರ ಸಂಬಂಧವೇ ಇದೆ. ಕಿಣ್ವ ಅಂದರೆ ಜೀವಕೋಶದಲ್ಲಿ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನ್. ಹಣ್ಣಿನ ನೊಣದ ಉದಾಹರಣೆ ನೋಡಿ. ಎರಡು ವಾಸನೆ ಕೊಟ್ಟು, ಒಂದರ ಜೊತೆ ಮಾತ್ರ ಸಣ್ಣ ಶಾಕ್ ಕೊಟ್ಟರೆ, ಮಾಮೂಲಿ ನೊಣ ಮುಂದೆ ಆ ವಾಸನೆಯಿಂದ ದೂರ ಸರಿಯುತ್ತದೆ. 1976ರಲ್ಲಿ ಅಮೆರಿಕದ ವಿಜ್ಞಾನಿ ಸೀಮೋರ್ ಬೆಂಜರ್ ಅವರ ಪ್ರಯೋಗಾಲಯ ಇದನ್ನು ಕಲಿಯಲಾಗದ ತಳಿಯೊಂದನ್ನು ವರದಿ ಮಾಡಿತು, ಹೆಸರು 'ಡನ್ಸ್'. ಅದಕ್ಕೆ ವಾಸನೆ ಗೊತ್ತಾಗುತ್ತಿತ್ತು, ಶಾಕ್ ಕೂಡ ತಟ್ಟುತ್ತಿತ್ತು. ಎರಡನ್ನೂ ಜೋಡಿಸಿ ನೆನಪಿಡಲು ಮಾತ್ರ ಆಗುತ್ತಿರಲಿಲ್ಲ.

ಅದರಲ್ಲಿ ಕೆಟ್ಟಿದ್ದು ಫಾಸ್ಫೋಡೈಎಸ್ಟರೇಸ್ ಎಂಬ ಕಿಣ್ವ. ನರಕೋಶದೊಳಗೆ ಸಂದೇಶ ಸಾಗಿಸುವ ಸೈಕ್ಲಿಕ್ ಎಎಂಪಿ ಅಣುವನ್ನು ಒಡೆಯುವುದು ಅದರ ಕೆಲಸ. ಒಡೆಯುವವರಿಲ್ಲದೆ ಆ ಅಣು ಮಿತಿಮೀರಿ ತುಂಬಿಕೊಂಡಿತ್ತು. ನನಗೆ ಬಹಳ ಮುಖ್ಯ ಅನಿಸುವುದು ಮುಂದಿನ ಸಂಗತಿ: 'ರುಟಬಾಗ' ಎಂಬ ಇನ್ನೊಂದು ತಳಿಯಲ್ಲಿ ಅದೇ ಅಣುವನ್ನು ತಯಾರಿಸುವ ಅಡೆನೈಲಿಲ್ ಸೈಕ್ಲೇಸ್ ಕಿಣ್ವ ಹಾಳಾಗಿತ್ತು, ಅದೂ ಕಲಿಕೆಯಲ್ಲಿ ಹಿಂದೆಯೇ. ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಹಾಗಾಗಿ ಯಾವುದಾದರೂ ಒಂದು ಕಿಣ್ವ ಜಾಸ್ತಿಯಾದರೆ ನೆನಪೂ ಜಾಸ್ತಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ.

ಇಲಿಗಳಲ್ಲಿ ಕ್ಯಾಮ್‌ಕೆ-2 ಎಂಬ ಕಿಣ್ವದ ಪಾತ್ರ ದೊಡ್ಡದು. ನರಕೋಶದೊಳಗೆ ಕ್ಯಾಲ್ಸಿಯಂ ನುಗ್ಗಿದಾಗ ಅದು ಚುರುಕಾಗುತ್ತದೆ, ತನಗೆ ತಾನೇ ಫಾಸ್ಫೇಟ್ ಎಂಬ ರಾಸಾಯನಿಕ ತುಣುಕು ಅಂಟಿಸಿಕೊಂಡು ಕ್ಯಾಲ್ಸಿಯಂ ಇಳಿದ ಮೇಲೂ ಕೆಲಸ ಮುಂದುವರಿಸುತ್ತದೆ. ಇದರಿಂದ ನರಕೋಶಗಳ ನಡುವಿನ ಸಂಪರ್ಕ ಗಟ್ಟಿಯಾಗುತ್ತದೆ, ಕಲಿತದ್ದು ನೆನಪಾಗಿ ಉಳಿಯಲು ಅದು ನೆರವಾಗುತ್ತದೆ. 1992ರಲ್ಲಿ, ಈ ಕಿಣ್ವದ ಆಲ್ಫಾ ರೂಪವೇ ಇಲ್ಲದ ಇಲಿಗಳನ್ನು ತೊಟ್ಟಿಯ ನೀರಿಗೆ ಬಿಟ್ಟು ಪರೀಕ್ಷಿಸಿದರು. ನೀರಿನಡಿ ಕಾಣದಂತೆ ಇಟ್ಟಿದ್ದ ಕಟ್ಟೆ ಎಲ್ಲಿದೆ ಎಂದು ಕಲಿಯಲು ಅವು ಬಹಳ ಪರದಾಡಿದವು.