ಒಳ್ಳೆ ಬೆಳಕು ಬರುವ ಜಗಲಿ

ಈ ವಾರದ ಪತ್ರಗಳಲ್ಲಿ ಉಳಿದವನ್ನೆಲ್ಲ ಪಕ್ಕಕ್ಕಿಟ್ಟು ಒಂದನ್ನೇ ಹಿಡಿದುಕೊಂಡು ಕೂತಿದ್ದೇನೆ. ಮೊದಲ ಸಲ ಓದಿದಾಗ ನಗು ಬಂತು. ಎರಡನೇ ಸಲ ಓದುವಾಗ ಐದನೇ ಪುಟದ ಕೆಳಗೆ ಒಂದು ಸಾಲು ಕಣ್ಣಿಗೆ ಬಿತ್ತು. ಆಮೇಲೆ ಕೈಯಲ್ಲಿದ್ದ ಕಾಫಿ ಆರಿದ್ದೂ ಗೊತ್ತಾಗಲಿಲ್ಲ.

ಬರೆದವರು ತೀರ್ಥಹಳ್ಳಿ ಕಡೆಯ ಹೈಸ್ಕೂಲು ಮೇಷ್ಟ್ರು. ವಯಸ್ಸು 41. ಮನೆಯಲ್ಲಿ ಅಪ್ಪ, ಹೆಂಡತಿ, ಏಳನೇ ಕ್ಲಾಸಿನ ಮಗಳು; ಜೊತೆಗೆ ಎರಡು ಎಕರೆ ಅಡಿಕೆ ತೋಟ. ಇವರಿಗೆ ಲೆಗೊ ಎಂಬ ಪ್ಲಾಸ್ಟಿಕ್ ಇಟ್ಟಿಗೆ ಆಟಿಕೆಯ ಹುಚ್ಚು. ಐದು ವರ್ಷದಲ್ಲಿ 2,80,000 ರೂಪಾಯಿ ಅದಕ್ಕೆ ಹಾಕಿದ್ದಾರೆ. ಕೆಲವು ಸೆಟ್ಟುಗಳನ್ನು ಬಿಚ್ಚಿ ಕಟ್ಟಿದ್ದಾರೆ, ಹೆಚ್ಚಿನವನ್ನು ಸೀಲು ಒಡೆಯದೆ ಇಟ್ಟಿದ್ದಾರೆ. ಕಂಪನಿಯವರು ಒಂದು ಸೆಟ್ಟು ಮಾಡುವುದನ್ನು ನಿಲ್ಲಿಸಿದರೆ ಈ ಹವ್ಯಾಸದವರು ‘ರಿಟೈರ್ ಆಯ್ತು’ ಅನ್ನುತ್ತಾರಂತೆ. ನಮ್ಮಲ್ಲಿ ಮೇಷ್ಟ್ರುಗಳು ರಿಟೈರ್ ಆದರೆ ಬೆಲೆ ಇಳಿಯುತ್ತದೆ, ಇವುಗಳಿಗೆ ಏರುತ್ತದೆ. ಹಾಗೆ ಏರಿದಾಗ ಮಾರುವುದು ಇವರ ಲೆಕ್ಕ. ಹೆಂಡತಿ ನೆಂಟರ ಮುಂದೆ ‘ನಮ್ಮನೆಯವರದ್ದು ಇನ್ನೂ ಮಕ್ಕಳಾಟಿಕೆ’ ಎಂದುಬಿಟ್ಟರು. ಜುಲೈಯಿಂದ ಇಬ್ಬರ ಮಧ್ಯೆ ಮಾತು ‘ಊಟಕ್ಕೆ ಬನ್ನಿ’, ‘ಹ್ಞೂಂ’ ಅಷ್ಟೇ.

ಕೇಳಿದ ಪ್ರಶ್ನೆ ಎರಡು. 41 ವರ್ಷದ ಗಂಡಸು ಇಟ್ಟಿಗೆ ಜೋಡಿಸಿಕೊಂಡು ಕೂತರೆ ತಪ್ಪೇ? ಇದು ಹೂಡಿಕೆ, ಆಟ ಅಲ್ಲ ಅಂತ ಹೆಂಡತಿಗೆ ಹೇಗೆ ತಿಳಿಸಿ ಹೇಳಲಿ?

ಮೊದಲನೆಯದು ಪ್ರಶ್ನೆಯೇ ಅಲ್ಲ ಮಾರಾಯ್ರೆ. ಇಸ್ಪೀಟು ಆಡುವ ಗಂಡಸರನ್ನು ಕಂಡಿದ್ದೇನೆ, ಯಕ್ಷಗಾನದ ಹಿಂದೆ ಊರೂರು ಸುತ್ತಿ ಹಗಲೆಲ್ಲ ನಿದ್ದೆ ಹೊಡೆಯುವವರನ್ನು ಕಂಡಿದ್ದೇನೆ. ನಿಮ್ಮ ಹುಚ್ಚು ಮನೆಯೊಳಗೇ ಕೂತಿರುವ ಹುಚ್ಚು. ಪತ್ರ ಬಂದ ಮೇಲೆ ನಾನೂ ಸ್ವಲ್ಪ ಓದಿಕೊಂಡೆ. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಸಣ್ಣ ಊರಲ್ಲಿ ಒಬ್ಬ ಬಡಗಿ, ಓಲೆ ಕಿರ್ಕ್ ಕ್ರಿಸ್ಟಿಯನ್‌ಸೆನ್, 1932ರಲ್ಲಿ ಮರದ ಆಟಿಕೆ ಮಾಡಲು ಕೂತದ್ದರಿಂದ ಇದೆಲ್ಲ ಶುರುವಾಯಿತಂತೆ. ಈಗಿನ ಇಟ್ಟಿಗೆಗೆ ಪೇಟೆಂಟ್ ಅರ್ಜಿ ಹಾಕಿದ್ದು 1958ರಲ್ಲಿ. ಆ ವರ್ಷದ ಇಟ್ಟಿಗೆ ಇವತ್ತಿನದರ ಮೇಲೂ ಕಚ್ಚಿ ಕೂರುತ್ತದೆ ಎಂದು ಓದಿ ನಾನು ತಲೆದೂಗಿದೆ. ನಮ್ಮ ಮನೆಯ ಹೊಸ ಕುಕ್ಕರಿಗೆ ಹಳೆಯ ಮುಚ್ಚಳ ಕೂರುವುದಿಲ್ಲ. ಮೇಲೆ ಎಂಟು ಗುಬ್ಬಿ, ಅಂದರೆ ಗುಂಡಗಿನ ಉಬ್ಬು, ಇರುವ ಆರು ಇಟ್ಟಿಗೆಯನ್ನು 91,51,03,765 ಥರ ಜೋಡಿಸಬಹುದಂತೆ. ಗಣಿತದ ಮೇಷ್ಟ್ರು ಮರುಳಾಗದೆ ಇನ್ನೇನು ಮಾಡಿಯಾರು.

ಅಂಗಡಿಯ ಸೆಟ್ಟು ಬಿಟ್ಟು, ಬಿಡಿ ಪೀಸುಗಳಲ್ಲಿ ನೀವು ತೀರ್ಥಹಳ್ಳಿಯ ಕಮಾನು ಸೇತುವೆ ಕಟ್ಟಿದ್ದನ್ನು ಬರೆದಿದ್ದೀರಲ್ಲ, ಆ ನಾಲ್ಕು ಸಾಲು ನನಗೆ ಬಹಳ ಹಿಡಿಸಿತು. ಚೌಕದ ಇಟ್ಟಿಗೆಯಲ್ಲಿ ಕಮಾನು ಬಾಗಿಸಲು ಹೋಗಿ ಮೂರು ಸಲ ಕುಸಿದದ್ದು, ಬೂದಿ ಬಣ್ಣದ ಪೀಸು ಸಾಲದೆ ತುಂಗೆಯ ನೀರನ್ನು ಹಸಿರು ಮಾಡಿದ್ದು, ಮಳೆಗಾಲದ ತುಂಗೆ ಕೆಂಪಲ್ಲವಾ ಎಂದು ಮಗಳು ತಕರಾರು ತೆಗೆದದ್ದು. ಇಡೀ ಪತ್ರದಲ್ಲಿ ನೀವು ಖುಷಿಯಾಗಿ ಇರುವ ಜಾಗ ಅದೊಂದೇ. ಉಳಿದ ಕಡೆ ದಲ್ಲಾಳಿಯ ಹಾಗೆ ಬರೆದಿದ್ದೀರಿ.

ಇನ್ನು ಐದನೇ ಪುಟ. ನಿಮ್ಮ ಅಕ್ಷರದಲ್ಲೇ ಇದೆ: ‘ಬಾಕ್ಸುಗಳಿಗೆ ಥಂಡಿ ತಾಗಬಾರದೆಂದು ಬಚ್ಚಲೊಲೆ ಪಕ್ಕದ ಕೋಣೆಯಲ್ಲಿ ಜೋಡಿಸಿ ಬಲ್ಬು ಹಾಕಿಟ್ಟಿದ್ದೇನೆ. ಅವಳ ಹೊಲಿಗೆ ಮಷೀನನ್ನು ಜಗಲಿಗೆ ಹಾಕಿದ್ದೇವೆ, ಅಲ್ಲಿ ಒಳ್ಳೆ ಬೆಳಕು ಬರುತ್ತೆ. ಒಮ್ಮೆ ಯಾರದೋ ಯೂನಿಫಾರ್ಮಿಗೆ ತುಕ್ಕಿನ ಕಲೆಯಾಗಿ ವಾಪಸು ಬಂತು, ಅದಕ್ಕೂ ನನ್ನ ಮೇಲೇ ರೇಗಿದಳು.’

ಇಷ್ಟೇ. ಮುಂದಿನ ಸಾಲಿಗೆ ಮತ್ತೆ ತಾಜಮಹಲಿನ ಸೆಟ್ಟು ಬಂದುಬಿಟ್ಟಿತು.

ಅಲ್ಲ, ಆರಿದ್ರಾ ಮಳೆ ಜಡಿಯುವಾಗ ತೀರ್ಥಹಳ್ಳಿ ಕಡೆಯ ಜಗಲಿಯಲ್ಲಿ ಯಾವ ಬೆಳಕು? ಎರಚಲು ಹೊಡೆಯಬಾರದೆಂದು ಜಡಿತಟ್ಟಿ ಕಟ್ಟಿದರೆ ಮಧ್ಯಾಹ್ನ ಮೂರಕ್ಕೇ ಕತ್ತಲೆ, ಕಟ್ಟದಿದ್ದರೆ ನೆಲವೆಲ್ಲ ಒದ್ದೆ. ನಾನೂ ಮಲೆನಾಡಿನವಳೇ, ಕಾಲಲ್ಲಿ ತುಳಿಯುವ ಮಷೀನು ನನ್ನ ಹತ್ತಿರವೂ ಇದೆ. ಥಂಡಿ ಹಿಡಿದರೆ ಚರ್ಮದ ಬೆಲ್ಟು ಸಡಿಲಾಗಿ ಚಕ್ರ ಸುಮ್ಮನೆ ತಿರುಗುತ್ತದೆ, ಸೂಜಿ ಏಳುವುದಿಲ್ಲ. ಬಾಬಿನ್ ಕೇಸಿನ ಬಾಯಲ್ಲಿ ಕೆಂಪು ಪುಡಿ ಕೂರುತ್ತದೆ. ಬೆಳಗ್ಗೆ ಒರೆಸಿದರೆ ಸಂಜೆಗೆ ಮತ್ತೆ ಹಾಜರ್. ಬಿಳಿ ಬಟ್ಟೆಗೆ ತಾಗಿದರೆ ನಿಂಬೆಹುಳಿ, ಉಪ್ಪು ಹಾಕಿ ಉಜ್ಜಬೇಕು, ಒಣಗಿಸಲು ಬಿಸಿಲಿಲ್ಲ, ಬಚ್ಚಲೊಲೆಯ ಕಾವಿಗೆ ಹಾಕೋಣವೆಂದರೆ ಆ ಕೋಣೆಯಲ್ಲಿ ತಾಜಮಹಲು ಬೆಚ್ಚಗೆ ಕೂತಿದೆ.

ಮಲೆನಾಡಿನ ಮನೆಯಲ್ಲಿ ಬಚ್ಚಲೊಲೆಯ ಪಕ್ಕದ ಗೋಡೆ ಎಂದರೆ ಏನೆಂದು ಬಯಲುಸೀಮೆಯವರಿಗೆ ಹೇಳಬೇಕು, ನಿಮಗಲ್ಲ. ನಾಲ್ಕು ತಿಂಗಳು ಮನೆಯಲ್ಲಿ ಒಣಗಿದ ಜಾಗ ಎಂದಿದ್ದರೆ ಅದೊಂದೇ. ಹಸಿ ಬಟ್ಟೆ, ಹಪ್ಪಳದ ಡಬ್ಬ, ಬೆಂಕಿಪೊಟ್ಟಣ, ಬಾಣಂತಿ, ಎಲ್ಲಕ್ಕೂ ಅದೇ. ಅಲ್ಲಿ ಮೊದಲು ಯಾರು ಇದ್ದರು? ನಿಮ್ಮ ಹೆಂಡತಿ. ಈಗ ಯಾರಿದ್ದಾರೆ? ರಟ್ಟು. ಅದಕ್ಕೆ ಹಗಲೂ ರಾತ್ರಿ ಉರಿಯುವ ಬಲ್ಬು, ಪ್ಲಾಸ್ಟಿಕ್ ಹೊದಿಕೆ, ಥಂಡಿ ಹೀರುವ ಹರಳಿನ ಪುಟ್ಟ ಚೀಲಗಳು ಬೇರೆ. ಹೆಂಡತಿಯ ಮಷೀನಿಗೆ ಏನು ಹೊದಿಸಿದ್ದೀರೆಂದು ಪತ್ರದಲ್ಲಿ ಇಲ್ಲ.

‘ಹಾಕಿದ್ದೇವೆ’ ಎಂದು ಬರೆದಿದ್ದೀರಿ. ಇಡೀ ಪತ್ರದಲ್ಲಿ ‘ಖರೀದಿಸಿದೆ’, ‘ಕಟ್ಟಿದೆ’, ‘ಜೋಡಿಸಿದೆ’, ಎಲ್ಲ ನಾನು, ನಾನು, ನಾನು. ಮಷೀನು ಹೊರಗೆ ಹೋಗುವಾಗ ಮಾತ್ರ ‘ನಾವು’.

ಈ ಅಂಕಣ ಓದುವವರಿಗೆ ಇದು ಹಳೇ ರಾಗ ಅನ್ನಿಸಬಹುದು, ಆದರೂ ಹಾಡುತ್ತೇನೆ. ಗಂಡ ಹೆಂಡತಿ ಜಗಳದಲ್ಲಿ ಅವರು ಏನು ಅಂದರು ಎಂದು ನಾನು ಮೊದಲು ಕೇಳುವುದಿಲ್ಲ. ಮನೆಯಲ್ಲಿ ಯಾವ ಸಾಮಾನು ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಕೇಳುತ್ತೇನೆ. ಮಾತು ನಿಂತದ್ದು ಜುಲೈಯಲ್ಲಿ ಎಂದಿರಿ. ಶಾಲೆ ಶುರುವಾಗುವುದು ಜೂನಿಗೆ ಸ್ವಲ್ಪ ಮುಂಚೆ, ಯೂನಿಫಾರ್ಮಿನ ಹೊಲಿಗೆ ಜೋರಾಗಿರುವುದೂ ಆಗಲೇ. ನಿಮ್ಮ ಶಾಲೆಯ ಮಕ್ಕಳ ಬಟ್ಟೆಯೇ ಇರಬೇಕು ಅದು. ಮೇಷ್ಟ್ರ ಮನೆಯಲ್ಲಿ ಹೊಲಿಸಿದ ಅಂಗಿಗೆ ತುಕ್ಕು ಎಂದು ಊರಲ್ಲಿ ನಾಲ್ಕು ಜನ ಆಡಿರುತ್ತಾರೆ. ಅದು ಬಾಯಿಗೆ ಬರುವ ಹೊತ್ತಿಗೆ ‘ಮಕ್ಕಳಾಟಿಕೆ’ ಎಂಬ ಮಾತಾಗಿ ಬಂತು. ನೆಂಟರ ಮುಂದೆ ಅನ್ನಬಾರದಿತ್ತು, ಒಪ್ಪಿದೆ. ಅದಕ್ಕಿಂತ ಹೆಚ್ಚಿಗೆ ಅವರನ್ನು ಬೈಯಲು ನನ್ನಿಂದಾಗದು.

ಬೈಗುಳ ಉಳಿಸಿಕೊಂಡಿರುವುದು ಬೇರೊಬ್ಬರಿಗೆ. 31 ಬಾಕ್ಸುಗಳಲ್ಲಿ 14 ನಿಮ್ಮವೇ ಅಲ್ಲ. ಬೆಂಗಳೂರಿನ ಸ್ನೇಹಿತನವು. ಅವರದು ಎರಡು ಬೆಡ್‌ರೂಮಿನ ಫ್ಲಾಟು, ಜಾಗವಿಲ್ಲ. ‘ಊರ ಮನೇಲಿ ಜಾಗಕ್ಕೇನೋ ಬರ’ ಎಂದು ಕಾರಿನ ಡಿಕ್ಕಿಯಲ್ಲಿ ತಂದು ಇಳಿಸಿ ಹೋದರು. ಈ ಮಾತು ಕೇಳಿದರೆ ನನಗೆ ಉರಿಯುತ್ತದೆ. ಮಲೆನಾಡಿನ ದೊಡ್ಡ ಮನೆ ಎಂದರೆ ಪೇಟೆಯವರ ಗೋಡೌನು ಎಂದು ಯಾರು ಬರೆದುಕೊಟ್ಟರೋ. ನಮ್ಮನೆಯಲ್ಲೂ ನೆಂಟರೊಬ್ಬರ ಸೋಫಾ ಒಂಬತ್ತು ವರ್ಷ ಇತ್ತು. ‘ಮುಂದಿನ ತಿಂಗಳು ಒಯ್ಯುತ್ತೇವೆ’ ಎಂದಿದ್ದರು. ಅದರೊಳಗೆ ಇಲಿ ಮೂರು ಸಲ ಮರಿ ಹಾಕಿತು. ಕಡೆಗೆ ಅವರು ಬಂದು ನೋಡಿ, ‘ಸ್ವಲ್ಪ ಜೋಪಾನವಾಗಿ ಇಟ್ಟುಕೊಳ್ಳಬಹುದಿತ್ತು’ ಅಂದರು.

ನಿಮಗೆ ಈ ಹೂಡಿಕೆಯ ಮಂತ್ರ ಹೇಳಿಕೊಟ್ಟವರೂ ಅವರೇ. ವರ್ಷಕ್ಕೆ ಶೇ 11 ಲಾಭ, ಬ್ಯಾಂಕಿನ ಎಫ್‌ಡಿಗಿಂತ ಮೇಲು. ಲೆಕ್ಕ ಸುಳ್ಳಲ್ಲ. ರಷ್ಯಾದ ಅರ್ಥಶಾಸ್ತ್ರಜ್ಞರು 1987ರಿಂದ 2015ರವರೆಗಿನ ಸೀಲು ಒಡೆಯದ ಸೆಟ್ಟುಗಳ ಮರುಮಾರಾಟದ ಬೆಲೆ ನೋಡಿ, ಸರಾಸರಿ ಹತ್ತಿರ ಹತ್ತಿರ ಅಷ್ಟು ಬರುತ್ತದೆ ಎಂದಿದ್ದಾರೆ. ಆದರೆ ಸರಾಸರಿ. ಶಿವಮೊಗ್ಗ ಜಿಲ್ಲೆಯ ಸರಾಸರಿ ಮಳೆ ಎಂದರೆ ಆಗುಂಬೆಯನ್ನೂ ಶಿಕಾರಿಪುರವನ್ನೂ ಕೂಡಿಸಿ ಭಾಗಿಸಿದ್ದು. ಅದನ್ನು ನಂಬಿ ಆಗುಂಬೆಗೆ ಕೊಡೆ ಬಿಟ್ಟು ಹೋಗುವವರುಂಟೇ? ಆ ಬೆಲೆಗಳೂ ಮೂಲೆ ಮಡಚದ, ಕಲೆಯಿಲ್ಲದ ಬಾಕ್ಸಿನವು. ಥಂಡಿಗೆ ರಟ್ಟು ಹಪ್ಪಳದ ಹಿಟ್ಟಿನಂತೆ ಮೆತ್ತಗಾಗುವ ಊರಲ್ಲಿ ಕೂತು ರಟ್ಟಿನ ಮೇಲೆ ಹಣ ಹೂಡುವುದು ಧೈರ್ಯದ ಕೆಲಸ. ಒಳಗಿನ ಇಟ್ಟಿಗೆಗೆ ಏನೂ ಆಗದು, ಅದು ಗಟ್ಟಿ ಪ್ಲಾಸ್ಟಿಕ್ಕು. ಆದರೆ ಪೆಟ್ಟಿಗೆಗೆ ಒಮ್ಮೆ ಬೂಷ್ಟು ಹಿಡಿದರೆ ನಿಮ್ಮ ಶೇ 11 ಆ ಬೂಷ್ಟಿನ ಜೊತೆಗೇ ಹೋಯಿತು.

ಆಮದು ಸುಂಕದ ವಾದವೂ ಆ ಸ್ನೇಹಿತನದೇ ಇರಬೇಕು. ಆಟಿಕೆಗಳ ಮೇಲಿನ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು, ಆದ್ದರಿಂದ ನಮ್ಮಲ್ಲಿರುವ ಮಾಲಿಗೆ ಬೆಲೆ ಏರಲೇಬೇಕು ಎಂದು. ಕೊಳ್ಳುವಾಗ ದುಬಾರಿಯಾದ ವಸ್ತು ಮಾರುವಾಗಲೂ ಕೈತುಂಬ ಕೊಡುತ್ತದೆ ಎಂದು ತೋಟ ಇರುವವರು ನಂಬಬಾರದು. ರಾಶಿ ಇಡಿ ಅಡಿಕೆಯನ್ನು ಉಗ್ರಾಣದಲ್ಲಿಟ್ಟು ರೇಟಿಗೆ ಕಾಯುವುದು ನಿಮ್ಮ ಅಪ್ಪನಿಗೆ ಗೊತ್ತು. ಆದರೆ ಅಡಿಕೆಗೆ ಮಂಡಿ ಇದೆ. ಮಗಳ ಫೀಸು ಕಟ್ಟಬೇಕೆಂದರೆ ಒಂದು ಮೂಟೆ ಶಿವಮೊಗ್ಗಕ್ಕೆ ಹಾಕಿದರಾಯಿತು, ಸಿಕ್ಕಿದ ರೇಟಿಗಾದರೂ ಹೋಗುತ್ತದೆ. ನಿಮ್ಮ ಬಾಕ್ಸಿಗೆ ಯಾವ ಮಂಡಿ? ಐದು ವರ್ಷದಲ್ಲಿ ಎರಡು ಮಾರಿದ್ದೀರಿ. ಅದರಲ್ಲಿ ಒಂದನ್ನು ಕೊರಿಯರಿನಲ್ಲಿ ಮೂಲೆ ಜಜ್ಜಿತೆಂದು ಕೊಂಡವರು ಚೌಕಾಸಿ ಮಾಡಿ ಬೆಲೆ ಇಳಿಸಿದರು. ಎರಡು ಮಾರುವುದಕ್ಕೆ ವ್ಯಾಪಾರ ಅನ್ನುವುದಿಲ್ಲ.

ತಾಜಮಹಲಿನ ಕತೆಯನ್ನೇ ತೆಗೆದುಕೊಳ್ಳಿ. 2008ರಲ್ಲಿ 5,922 ಪೀಸಿನ ಸೆಟ್ಟು ಬಂತು, ನಿಂತಿತು, ಬೆಲೆ ಮೂಲದ ಹಲವು ಪಟ್ಟಾಯಿತು ಎಂದು ಒಂದೂವರೆ ಪುಟ ಬರೆದಿದ್ದೀರಿ. ಸರಿ. ಮುಂದಿನದನ್ನು ಏಕೆ ಬಿಟ್ಟಿರಿ? 2017ರಲ್ಲಿ ಕಂಪನಿ ಅದೇ ತಾಜಮಹಲನ್ನು ಹೊಸ ಸಂಖ್ಯೆ ಕೊಟ್ಟು ಮತ್ತೆ ಬಿಟ್ಟಿತು, 5,923 ಪೀಸು. ಹಳೆಯದನ್ನು ಕಾದಿಟ್ಟುಕೊಂಡವರ ಬೆಲೆ ಕುಸಿಯಿತು. ನಿಮ್ಮ ಕೋಣೆಯಲ್ಲಿರುವುದು ಆ ಎರಡನೆಯದು! ಯಾವ ಸೆಟ್ಟು ಇನ್ನೆಂದೂ ಬರುವುದಿಲ್ಲ ಎಂಬುದು ಬಿಲ್ಲುಂಡ್‌ನವರ ಮರ್ಜಿ. ಅದರ ಮೇಲೆ ನಿಮ್ಮ ಹೆಂಡತಿಯ ಕೋಣೆ ಒತ್ತೆ ಬಿದ್ದಿದೆ.

ನನಗನ್ನಿಸುವುದನ್ನು ಹೇಳಿಬಿಡುತ್ತೇನೆ, ಬೇಸರ ಬೇಡ. ನಿಮಗೆ ಹೂಡಿಕೆಯೂ ಬೇಡ, ಲಾಭವೂ ಬೇಡ. ಮಾರಲು ಮನಸ್ಸೇ ಇಲ್ಲದವರು ನೀವು. ಆಡುತ್ತೇನೆ ಎಂದು ಹೇಳಲು ನಾಚಿಕೆ, ಅದಕ್ಕೆ ಶೇ 11ರ ಪಂಚೆ ಉಟ್ಟಿದ್ದೀರಿ. ಹೆಂಡತಿಗೆ ಆ ಪಂಚೆಯ ಅಂಚು ಕಾಣುತ್ತಿದೆ. ರಾತ್ರಿ ಊಟವಾದ ಮೇಲೆ ದೀಪದ ಕೆಳಗೆ ಕಮಾನು ಕಟ್ಟುತ್ತ ಕೂತವರನ್ನು ಅವರು ಬೈದಿದ್ದರೆ ನೀವು ಬರೆಯುತ್ತಿದ್ದಿರಿ. ಸೇತುವೆ ಇನ್ನೂ ಹಾಲ್‌ನ ಟಿ.ವಿ. ಮೇಲೆಯೇ ಇದೆ, ‘ಧೂಳು ಒರೆಸುವಾಗಲೂ ಅವಳು ಅದನ್ನು ಕದಲಿಸುವುದಿಲ್ಲ’ ಎಂದು ನೀವೇ ಬರೆದಿದ್ದೀರಿ. ಅದೂ ಹೀಗೇ ಯಾವುದೋ ಮೂಲೆಯ ಸಾಲು.

ಇಲ್ಲಿಗೆ ಮನವರಿಕೆ, ತಿಳಿಹೇಳುವುದು ಎಲ್ಲ ಬಿಡಿ. ಕ್ಷಮೆಯ ಭಾಷಣವೂ ಬೇಡ. ಮೇಷ್ಟ್ರುಗಳ ಕ್ಷಮೆ ಪಾಠದ ಹಾಗೆ ಇರುತ್ತದೆ. ಮಾಡಬೇಕಾದದ್ದು ಒಂದೇ: ಈ ಭಾನುವಾರ ಮಷೀನು ಬಚ್ಚಲೊಲೆ ಪಕ್ಕದ ಕೋಣೆಗೆ ವಾಪಸು ಬರಬೇಕು. ಅವರು ತೋಟಕ್ಕೋ ಪೇಟೆಗೋ ಹೋದಾಗ ಕದ್ದುಮುಚ್ಚಿ ಅಲ್ಲ, ಅವರು ಮನೆಯಲ್ಲಿರುವಾಗಲೇ. ಒಂದು ತುದಿ ನೀವು ಹಿಡಿಯಿರಿ, ಇನ್ನೊಂದು ತುದಿ ಮಗಳು ಹಿಡಿಯಲಿ. ಕಿಟಕಿಯ ಯಾವ ಬದಿಗೆ ಇಡಬೇಕೆಂದು ಅವರನ್ನೇ ಕೇಳಿ. ಎರಡು ತಿಂಗಳಲ್ಲಿ ನೀವು ಕೇಳುವ ಮೊದಲ ಸರಿಯಾದ ಪ್ರಶ್ನೆ ಅದಾಗುತ್ತದೆ. ಬಲ್ಬು ಅಲ್ಲೇ ಇರಲಿ, ಬಟ್ಟೆ ಒಣಗಲು ಬೇಕಾಗುತ್ತದೆ.

ನಿಮ್ಮ 17 ಬಾಕ್ಸುಗಳನ್ನು ಮಂಚದಡಿ ಇಡಿ, ಮಾರಿ, ಬಿಚ್ಚಿ ಕಟ್ಟಿ, ನನಗೆ ಸಂಬಂಧವಿಲ್ಲ. ಅಟ್ಟಕ್ಕೆ ಮಾತ್ರ ಹಾಕಬೇಡಿ, ಒರಲೆ ಬಿಡುವುದಿಲ್ಲ. ಸ್ನೇಹಿತನ 14 ಇದೆಯಲ್ಲ, ಅದನ್ನು ಎಲ್ಲಿಡಬೇಕೆಂದು ನನ್ನನ್ನು ಕೇಳಿದರೆ, ಜಗಲಿ ಖಾಲಿಯಾಗಿದೆ. ಫೋನು ಮಾಡಿ, ನಿನ್ನ ಬಾಕ್ಸು ಜಗಲಿಯಲ್ಲಿವೆ, ಒಳ್ಳೆ ಬೆಳಕು ಬರುತ್ತೆ ಎಂದು ಹೇಳಿ. ಬಂದ ಕಾರಿನಲ್ಲೇ ಹೇಗೆ ವಾಪಸು ಹೋಗುತ್ತವೆ ನೋಡಿ.

ಹಾಂ, ಬಾಬಿನ್ ಕೇಸು ಬಿಚ್ಚಿ ಬ್ರಶ್ಶಿನಿಂದ ತುಕ್ಕು ತೆಗೆದು ಮಷೀನಿನ ಎಣ್ಣೆಯನ್ನೇ ಬಿಡಿ, ಕೊಬ್ಬರಿ ಎಣ್ಣೆ ಬೇಡ, ಜಿಗುಟಾಗುತ್ತದೆ. ಸಣ್ಣ ಪೀಸುಗಳಲ್ಲಿ ಕೈ ಪಳಗಿದವರು, ನಿಮಗೆ ಅರ್ಧ ಗಂಟೆಯ ಕೆಲಸ.