ಒಂದೇ ಧಕ್ಕೆಯ ನೀರು, ಎರಡು ಪಟ್ಟಿ

ಪ್ರಶ್ನೆ: ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಡಿಸೆಂಬರಿನಲ್ಲಿ ಮಕ್ಕಳೊಂದಿಗೆ ಅಘನಾಶಿನಿ ಅಳಿವೆಗೆ ಹೋಗಿ, ತದಡಿಯ ಧಕ್ಕೆಯಿಂದ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ನೀರೆತ್ತಿ ಪಂಚೆಯ ಬಟ್ಟೆಯಲ್ಲಿ ಸೋಸಿದೆವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೆಳಗಿನ ನೀರಿನಲ್ಲಿ ದೋಣಿಯಾಕಾರದ ಡಯಾಟಮ್‌ಗಳೇ (ಗಾಜಿನಂಥ ಚಿಪ್ಪಿನ ಸೂಕ್ಷ್ಮ ಪಾಚಿಗಳು) ಹೆಚ್ಚು, ಮಧ್ಯಾಹ್ನದ್ದರಲ್ಲಿ ಸರಪಳಿಯಂಥವು ಮತ್ತು ದುಂಡನೆಯವು. ನಾವು ಎಲ್ಲಿ ತಪ್ಪಿದೆವು?
– ಓದುಗರೊಬ್ಬರು, ಕುಮಟಾ

ಉತ್ತರ: ನೀವು ತಪ್ಪಿದ್ದು ಭರತಿಯ ಹೊತ್ತನ್ನು ಬರೆದುಕೊಳ್ಳದೆ ಇದ್ದುದರಲ್ಲಿ ಮಾತ್ರ. ಆದರೆ ನಿಮ್ಮ ಪಟ್ಟಿಗಳೇ ಅದನ್ನು ಹೇಳಿಬಿಟ್ಟಿವೆ.

ನಮ್ಮ ಕರಾವಳಿಯಲ್ಲಿ ಸಮುದ್ರ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಭರತಿಗೂ ಇಳಿತಕ್ಕೂ ನಡುವೆ ಸುಮಾರು ಆರು ತಾಸು. ಇಳಿತದ ನೀರು ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಿಂದ, ಕಾಂಡ್ಲಾ (ಮ್ಯಾಂಗ್ರೋವ್) ಬುಡದ ಕೆಸರಿನಿಂದ ಜಾರಿ ಬರುತ್ತದೆ. ಕೆಸರಿನ ಮೇಲೆ ಬದುಕುವ ನ್ಯಾವಿಕ್ಯುಲಾ, ನಿಟ್ಜ್‌ಶಿಯಾ, ತುಸು ಬಾಗಿದ ಪ್ಲೂರೋಸಿಗ್ಮಾ ಆಗ ಮೇಲೆದ್ದು ತೇಲುತ್ತವೆ. ನಿಮ್ಮ 'ದೋಣಿ'ಗಳು ಬಹುಶಃ ಇವೇ. ಭರತಿ ಏರಿದಾಗ ಕಡಲಿನ ಡಯಾಟಮ್‌ಗಳು ಒಳಬರುತ್ತವೆ: ಮುಳ್ಳುಗಳಿರುವ ಸರಪಳಿ ಕೀಟೋಸೆರೋಸ್, ತಟ್ಟೆಯಂಥ ಕೋಸಿನೋಡಿಸ್ಕಸ್. ಧಕ್ಕೆ ನಿಂತಲ್ಲೇ ಇದ್ದರೂ ಮಧ್ಯಾಹ್ನ ಅದರ ಕೆಳಗಿದ್ದದ್ದು ಬೇರೆಯೇ ನೀರು.

ಮಳೆಗಾಲದಲ್ಲಿ ಹೋಗಿದ್ದರೆ ಪಟ್ಟಿ ಮತ್ತಷ್ಟು ಬದಲಾಗುತ್ತಿತ್ತು. ಸಹ್ಯಾದ್ರಿಯ ಮಳೆ ನೀರು ಕಡಲನ್ನು ಹೊರಗೆ ತಳ್ಳಿದಾಗ ಮೇಲ್ಪದರದಲ್ಲಿ ಉಪ್ಪು ಹೆಸರಿಗಷ್ಟೇ ಉಳಿಯುತ್ತದೆ. ರಾಡಿಯಲ್ಲಿ ಬೆಳಕೂ ಇಳಿಯದು, ಹೊಳೆಯ ಸೆಳೆತಕ್ಕೆ ಸಿಕ್ಕ ಜೀವಿಗೆ ನಿಂತು ದ್ವಿಗುಣವಾಗಲು ಪುರುಸೊತ್ತೂ ಸಿಗದು. ಆದರೆ ಅದೇ ಹೊಳೆ ಬಂಡೆಗಳಿಂದ ಕರಗಿಸಿ ತಂದ ಸಿಲಿಕಾ, ಡಯಾಟಮ್‌ಗಳು ತಮ್ಮ ಗಾಜಿನ ಡಬ್ಬಿ ಕಟ್ಟಿಕೊಳ್ಳಲು ಬೇಕು. ನೀರು ತಿಳಿಯಾದ ಮೇಲೆ ಅವು ಏಳುವುದು ಅದರ ಬಲದಿಂದಲೇ. ಆಗ ಸ್ಕೆಲಿಟೋನೀಮಾದಂಥ ಒಂದೇ ಜಾತಿ ನೀರನ್ನೆಲ್ಲ ಆವರಿಸಬಹುದು. ಅದನ್ನು ಸಮೃದ್ಧಿ ಎನ್ನಿ, ವೈವಿಧ್ಯ ಎನ್ನಬೇಡಿ. ಈ ಎರಡನ್ನೂ ಒಂದೇ ಎಂದು ಬರೆದ ವರದಿಗಳನ್ನು ಓದಿ ನನಗೆ ಸಾಕಾಗಿದೆ.

ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಆದ್ದರಿಂದ ಈ ಏರಿಳಿತ ಇನ್ನೂ ಋತುವಿನ ಲೆಕ್ಕದಲ್ಲೇ ನಡೆಯುತ್ತಿದೆ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಪಕ್ಕದ ಹೊನ್ನಾವರದಲ್ಲಿ ವಿದ್ಯುದಾಗಾರದಿಂದ ಹೊರಬಿದ್ದ ಸಿಹಿನೀರು ಬೇಸಿಗೆಯಲ್ಲೂ ಶರಾವತಿಗೆ ಹರಿಯುವುದರಿಂದ ಉಪ್ಪು ಏರಬೇಕಾದಷ್ಟು ಏರುವುದಿಲ್ಲ. ಡಯಾಟಮ್‌ಗಳನ್ನು ಸೋಸಿ ತಿನ್ನುವ ಬಳಚು (ಚಿಪ್ಪುಮೀನು) ಅಲ್ಲಿ ತೀರಾ ಕಡಿಮೆಯಾಗಿರುವುದಕ್ಕೆ ಅದೇ ಮುಖ್ಯ ಕಾರಣ.

ಇನ್ನು ನಿಮ್ಮ ಪಂಚೆ. ನೆನೆದ ಹತ್ತಿ ಉಬ್ಬುತ್ತದೆ, ಬೇಗ ಕಟ್ಟಿಕೊಂಡು ನೀರು ಅಂಚಿನಿಂದ ಚೆಲ್ಲುತ್ತದೆ. ನಾವು ಬಳಸುವುದು 20 ಮೈಕ್ರಾನ್ ಕಣ್ಣಿನ ನೈಲಾನ್ ಬಲೆ. ಅದರಿಂದಲೂ ಸಣ್ಣವು ನುಸುಳಿಹೋಗುತ್ತವೆ. ನಿಮಗೆ ಸುಲಭದ ದಾರಿ ಬೇರೆ ಇದೆ. ಒಂದು ಲೀಟರ್ ನೀರಿಗೆ ಲ್ಯೂಗಾಲ್ ಅಯೋಡಿನ್ ದ್ರಾವಣವನ್ನು ತಿಳಿ ಚಹಾದ ಬಣ್ಣ ಬರುವವರೆಗೆ ಹನಿಸಿ, ಎರಡು ದಿನ ಅಲುಗಾಡಿಸದೆ ಇಡಿ. ಮೇಲಿನ ನೀರನ್ನು ಸಣ್ಣ ನಳಿಕೆಯಿಂದ ಮೆಲ್ಲನೆ ಎಳೆದು ತೆಗೆದರೆ ತಳದಲ್ಲಿ ಉಳಿದದ್ದೇ ನಿಮ್ಮ ಮಾದರಿ. ಸೀಸೆಯ ಮೇಲೆ ದಿನಾಂಕ, ಗಂಟೆ, ಭರತಿಯೋ ಇಳಿತವೋ, ಎಷ್ಟು ಆಳದ ನೀರು ಎಂದು ಪೆನ್ಸಿಲ್‌ನಲ್ಲಿ ಬರೆದ ಚೀಟಿ ಅಂಟಿಸಿ, ಶಾಯಿ ಅಳಿಸಿಹೋಗುತ್ತದೆ. ಜುಲೈ ತಿಂಗಳಿನ ಸೀಸೆಯನ್ನು ಮಾತ್ರ ದೋಣಿಯವರ ಕೈಯಲ್ಲಿ ತುಂಬಿಸಿ, ಮಕ್ಕಳನ್ನು ಧಕ್ಕೆಗೆ ಇಳಿಸಬೇಡಿ.